ಇಂಟರ್ನೆಟ್ ಇಲ್ಲದ ಕಂಪ್ಯೂಟರಿಗೆ ಕ್ಯೂಆರ್ ಕೋಡಿನ ಮೂಲಕ ಪರವಾನಗಿ: ಒಂದು ವರ್ಷ ಬಳಸಿದ ಮೇಲೆ

ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಕನ್ನಡ ಸಂಘದ ಕಚೇರಿಯಲ್ಲಿ ಸದಸ್ಯರ ವಿಳಾಸಗಳು, ದೂರವಾಣಿ ಸಂಖ್ಯೆಗಳು ಮತ್ತು ವಿದ್ಯಾರ್ಥಿವೇತನ ಕೋರಿದ ಮಕ್ಕಳ ಬ್ಯಾಂಕ್ ವಿವರಗಳು ಒಂದೇ ಕಂಪ್ಯೂಟರಿನಲ್ಲಿವೆ. ಆ ಕಾರಣಕ್ಕಾಗಿಯೇ ಅದಕ್ಕೆ ಇಂಟರ್ನೆಟ್ ಕೊಡಬಾರದೆಂದು ಕಾರ್ಯಕಾರಿ ಸಮಿತಿ ತೀರ್ಮಾನಿಸಿದೆ. ಕಳೆದ ವರ್ಷ ಲೆಕ್ಕಪತ್ರದ ತಂತ್ರಾಂಶ ಕೊಳ್ಳುವ ಹೊಣೆ ನನ್ನ ಮೇಲೆ ಬಿದ್ದಾಗ, ಸಕ್ರಿಯಗೊಳಿಸಲು ಆ ಕಂಪ್ಯೂಟರನ್ನು ಒಮ್ಮೆಯೂ ಜಾಲಕ್ಕೆ ಜೋಡಿಸಬೇಕಾಗಿಲ್ಲ ಎಂಬ ಒಂದೇ ಗುಣವನ್ನು ನೋಡಿ ಇದನ್ನು ಆರಿಸಿದೆ.

ಕ್ರಮ ಸರಳವಾಗಿದೆ. ತಂತ್ರಾಂಶವು ಪರವಾನಗಿ ಸಂಖ್ಯೆಯನ್ನೂ ಆ ಯಂತ್ರದ ಗುರುತನ್ನೂ ಒಳಗೊಂಡ ಕ್ಯೂಆರ್ ಕೋಡನ್ನು ಪರದೆಯ ಮೇಲೆ ತೋರಿಸುತ್ತದೆ. ನಮ್ಮ ಮೊಬೈಲು ಅದನ್ನು ಓದಿ ತಯಾರಕರ ಸರ್ವರಿಗೆ ಕಳುಹಿಸುತ್ತದೆ. ಸರ್ವರಿನಿಂದ ಬರುವ ಉತ್ತರ ಮೊಬೈಲಿನಲ್ಲಿ ಇನ್ನೊಂದು ಕೋಡಾಗಿ ಮೂಡುತ್ತದೆ. ಅದನ್ನು ಕಂಪ್ಯೂಟರಿನ ವೆಬ್‌ಕ್ಯಾಮಿಗೆ ಹಿಡಿದರೆ ಕೆಲಸ ಮುಗಿಯಿತು.

ಇಲ್ಲಿ ಸುರಕ್ಷತೆ ಬರುವುದು ಆ ಕಪ್ಪುಬಿಳುಪು ಚೌಕದಿಂದಲ್ಲ ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು, ಏಕೆಂದರೆ ನಮ್ಮ ಸಮಿತಿಯಲ್ಲಿಯೂ ಹಲವರು ಕ್ಯೂಆರ್ ಎಂದರೆ ಗೂಢಲಿಪಿ ಎಂದೇ ತಿಳಿದಿದ್ದರು. 1994ರಲ್ಲಿ ಜಪಾನಿನ ಡೆನ್ಸೊ ವೇವ್ ಸಂಸ್ಥೆ ಇದನ್ನು ರೂಪಿಸಿದ್ದು ವಾಹನಗಳ ಬಿಡಿಭಾಗಗಳ ಜಾಡು ಹಿಡಿಯುವುದಕ್ಕೆ. ಕಾರ್ಖಾನೆಯ ಎಣ್ಣೆ, ಧೂಳು ತಾಗಿದರೂ ಓದಲು ಬರುವಂತೆ, ದೋಷ ತಿದ್ದುವ ಅತ್ಯುನ್ನತ ಮಟ್ಟದಲ್ಲಿ ಸುಮಾರು 30 ಪ್ರತಿಶತ ಭಾಗ ಹಾಳಾದರೂ ಮಾಹಿತಿ ಮರಳಿ ಸಿಗುವಂತೆ ಅದನ್ನು ಕಟ್ಟಲಾಗಿದೆ. ಕಲೆಯನ್ನು ಸರಿಪಡಿಸುವ ಆ ಶಕ್ತಿ ನಕಲಿಯನ್ನು ಗುರುತಿಸಲಾರದು. ಆ ಕೆಲಸ ಮಾಡುವುದು ಉತ್ತರದೊಳಗಿರುವ ಡಿಜಿಟಲ್ ಸಹಿ: ಸಹಿ ಹಾಕುವ ಖಾಸಗಿ ಕೀಲಿ ತಯಾರಕರ ಬಳಿ ಮಾತ್ರ ಇರುತ್ತದೆ, ಪರಿಶೀಲಿಸುವ ಸಾರ್ವಜನಿಕ ಕೀಲಿ ತಂತ್ರಾಂಶದಲ್ಲಿಯೇ ಅಡಕವಾಗಿರುತ್ತದೆ. ಆಧಾರ್ ಪತ್ರದ ಸುರಕ್ಷಿತ ಕ್ಯೂಆರ್ ಕೋಡ್ ನಂಬಿಕೊಂಡಿರುವುದೂ ಇಂಥ ಸಹಿಯನ್ನೇ. ನಮ್ಮ ಉತ್ತರದ ಕೋಡನ್ನು ಮನೆಯ ಲ್ಯಾಪ್‌ಟಾಪಿಗೆ ಹಿಡಿದು ನೋಡಿದೆ. ಯಂತ್ರದ ಗುರುತು ಹೊಂದದೆ ಅದು ಒಡನೆಯೇ ನಿರಾಕರಿಸಿತು.

ನನಗೆ ಎಲ್ಲಕ್ಕಿಂತ ಹೆಚ್ಚು ಮೆಚ್ಚಿಗೆಯಾದದ್ದು, ಹೊರಗೆ ಹೋಗುವುದೇನೆಂಬುದನ್ನು ನಾವೇ ಓದಿ ನೋಡಬಹುದು ಎಂಬುದು. ಅತಿ ದೊಡ್ಡ ಕ್ಯೂಆರ್ ಕೋಡಿನಲ್ಲಿಯೂ 2,953 ಬೈಟ್‌ಗಿಂತ ಹೆಚ್ಚು ಹಿಡಿಯದು. ಸದಸ್ಯರ ಇಡೀ ಪಟ್ಟಿ ಅದರೊಳಗೆ ನುಸುಳಿ ಹೋಗುವ ಭಯವಿಲ್ಲ. ಮೊದಲ ಕೋಡನ್ನು ಸಾಮಾನ್ಯ ಸ್ಕ್ಯಾನರಿನಲ್ಲಿ ತೆರೆದಾಗ ಪರವಾನಗಿ ಸಂಖ್ಯೆ, ದಿನಾಂಕ ಮತ್ತು ಯಂತ್ರದ ಗುರುತು ಕಂಡವು. ಆದರೆ ಅವುಗಳ ಜೊತೆಗೆ ನಮ್ಮ ಕೋಶಾಧ್ಯಕ್ಷರ ಮೊಬೈಲ್ ಸಂಖ್ಯೆಯೂ ಬರಿಗಣ್ಣಿಗೆ ಓದುವಂತೆಯೇ ಇತ್ತು. ಸಕ್ರಿಯಗೊಳಿಸಲು ಅದರ ಅಗತ್ಯವೇ ಇಲ್ಲ, ಬೇಕಿದ್ದರೆ ಗೂಢಲಿಪಿಯಲ್ಲಿ ಇರಬೇಕಿತ್ತು. ನಾನು ಪತ್ರ ಬರೆದು ತಿಳಿಸಿದೆ. ಈ ವರ್ಷದ ಆವೃತ್ತಿಯಲ್ಲಿಯೂ ಅದು ಹಾಗೆಯೇ ಇದೆ.

ಬಳಕೆಯಲ್ಲಿ ತೊಡಕಾದದ್ದು ವೆಬ್‌ಕ್ಯಾಮ್. ಸಹಿ ಸೇರಿದ ಉತ್ತರದಲ್ಲಿ ಚೌಕಗಳು ಬಹಳ ಸಣ್ಣವಾಗುವುದರಿಂದ ನಮ್ಮ ಹಳೆಯ ಕ್ಯಾಮೆರಾ, ಟ್ಯೂಬ್‌ಲೈಟಿನ ಬೆಳಕು ಮೊಬೈಲಿನ ಗಾಜಿನ ಮೇಲೆ ಹೊಳೆಯುತ್ತಿದ್ದಾಗ, ಹತ್ತಾರು ಸಲ ಹಿಡಿದರೂ ಓದಲಿಲ್ಲ. ಕೊನೆಗೆ ಅದನ್ನು ಹೊಳಪಿಲ್ಲದ ಕಾಗದದ ಮೇಲೆ ದೊಡ್ಡದಾಗಿ ಮುದ್ರಿಸಿ ತೋರಿಸಿದೆ, ಮೊದಲ ಸಲಕ್ಕೇ ಓದಿತು. ಆ ಕಾಗದ ಈಗ ಕಡತದಲ್ಲಿದೆ. ಎರಡು ತಿಂಗಳ ನಂತರ ವಿಂಡೋಸ್ ಮರುಸ್ಥಾಪಿಸಿದಾಗ ಹೊಸ ಕೋಡ್ ಬೇಡದೆ ಅದರಿಂದಲೇ ಕೆಲಸ ನಡೆಯಿತು.

ಮಳೆಗಾಲದಲ್ಲಿ ಹಾರ್ಡ್ ಡಿಸ್ಕ್ ಕೆಟ್ಟು ಬದಲಾಯಿಸಿದಾಗ ಮಾತ್ರ ಆ ಕಾಗದ ನೆರವಿಗೆ ಬರಲಿಲ್ಲ. ಯಂತ್ರದ ಗುರುತೇ ಬದಲಾದ್ದರಿಂದ ಹೊಸ ಉತ್ತರ ಬೇಕು, ಅದಕ್ಕೆ ಸಹಾಯವಾಣಿಯವರ ಒಪ್ಪಿಗೆ ಬೇಕು. ಭಾನುವಾರ ಸಹಾಯವಾಣಿಗೆ ರಜೆ. ವಾರವಿಡೀ ಲೋಕಲ್ ರೈಲಿನಲ್ಲಿ ನೌಕರಿಗೆ ಹೋಗಿಬರುವ ನಮ್ಮಂಥವರು ಸಂಘದ ಬಾಗಿಲು ತೆರೆಯುವುದೇ ಭಾನುವಾರ. ಸೋಮವಾರ ದಾದರಿನ ನನ್ನ ಕಚೇರಿಯಿಂದ ಫೋನಿನಲ್ಲಿ ಒಪ್ಪಿಗೆ ಪಡೆದೆ; ಕಂಪ್ಯೂಟರಿನ ಮುಂದೆ ಕೂತು ಕೋಡ್ ತೋರಿಸಲು ಮುಂದಿನ ಭಾನುವಾರ ಬರಬೇಕಾಯಿತು. ಎಂಟು ದಿನ ರಸೀದಿಗಳನ್ನು ಕೈಯಲ್ಲಿ ಬರೆದೆವು.

ಪರವಾನಗಿಯನ್ನು ಈ ಮಾರ್ಚ್‌ನಲ್ಲಿ ನವೀಕರಿಸಿದ್ದೇವೆ. ಡಿಸ್ಕ್ ಬದಲಾದಾಗ 15 ದಿನಗಳ ತಾತ್ಕಾಲಿಕ ಬಳಕೆಗೆ ಅವಕಾಶ ಕೊಡಬೇಕೆಂದು, ಕೋಶಾಧ್ಯಕ್ಷರ ಸಂಖ್ಯೆಯನ್ನು ಕೋಡಿನಿಂದ ತೆಗೆಯಬೇಕೆಂದು ನವೀಕರಣದ ಅರ್ಜಿಯ ಜೊತೆಯಲ್ಲಿಯೇ ಮತ್ತೆ ಬರೆದು ಕಳುಹಿಸಿದ್ದೇನೆ.