ಸಾರಿಗೆ ಯೋಜನೆಗೆ ಪ್ರಾಧ್ಯಾಪಕರ ಸಲಹೆ: ಹದಿನಾಲ್ಕು ತಿಂಗಳ ಒಡನಾಟದ ನಂತರ ಒಂದು ವಿಮರ್ಶೆ

ನಗರ ಸಾರಿಗೆಯ ಯೋಜನಾ ಕಚೇರಿಯೊಂದರಲ್ಲಿ ಕೆಲಸ ಮಾಡುವ ನಾನು, ಒಂದು ವಿಶ್ವವಿದ್ಯಾಲಯದ ಸಲಹಾ ಘಟಕದೊಂದಿಗೆ ಹದಿನಾಲ್ಕು ತಿಂಗಳು ಒಡನಾಡಿ, ಅವರ ಅಂತಿಮ ವರದಿ ಕೈಸೇರಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಘಟಕದ ಹೆಸರು ಇಲ್ಲಿ ಬೇಡ. ಇಂಥ ಸೇವೆಯನ್ನು ಪಡೆಯಲು ಹೊರಟವರಿಗೆ ಹೆಸರಿಗಿಂತ ಕೆಲಸದ ರೀತಿ ಮುಖ್ಯ. ನಾವು ಅವರಿಗೆ ಒಪ್ಪಿಸಿದ್ದು ಮೂರು ಕೆಲಸಗಳನ್ನು: ಹೊಸ ಸಾರಿಗೆ ಮಾರ್ಗವೊಂದಕ್ಕೆ ಎಷ್ಟು ಪ್ರಯಾಣಿಕರು ಬಂದಾರೆಂಬ ಮುನ್ನಂದಾಜು, ಮಾರ್ಗದ ಇಕ್ಕೆಲಗಳ ಭೂಬಳಕೆಯ ಬಗ್ಗೆ ಸಲಹೆ, ಮತ್ತು ಸುತ್ತಲಿನ ಪ್ರದೇಶದ ಆರ್ಥಿಕತೆಯ ಮೇಲೆ ಆಗುವ ಪರಿಣಾಮದ ಲೆಕ್ಕ. ಮೊದಲನೆಯದನ್ನು ಅವರು ಬಹಳ ಚೆನ್ನಾಗಿ ಮಾಡಿದರು, ಎರಡನೆಯದು ಸಾಧಾರಣವಾಗಿತ್ತು, ಮೂರನೆಯದಕ್ಕೆ ಹಣ ಕೊಟ್ಟಿದ್ದು ದಂಡವಾಯಿತೆಂದೇ ನನ್ನ ಅಭಿಪ್ರಾಯ.

ವಾಣಿಜ್ಯ ಸಂಸ್ಥೆಗಳನ್ನು ಬಿಟ್ಟು ಪ್ರಾಧ್ಯಾಪಕರ ಬಳಿ ಹೋದದ್ದಕ್ಕೆ ಕಾರಣವಿತ್ತು. ಬೆಂಟ್ ಫ್ಲಿವ್‌ಬ್ಯಾರ್ ಮತ್ತು ಸಂಗಡಿಗರು 14 ದೇಶಗಳ 210 ಸಾರಿಗೆ ಯೋಜನೆಗಳನ್ನು ಪರಿಶೀಲಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ರೈಲು ಯೋಜನೆಗಳಿಗೆ ವಾಸ್ತವದಲ್ಲಿ ಬಂದ ಪ್ರಯಾಣಿಕರಿಗಿಂತ ಮುನ್ನಂದಾಜು ಸರಾಸರಿ ಶೇ. 106ರಷ್ಟು ಹೆಚ್ಚಾಗಿತ್ತು. ರಸ್ತೆ ಯೋಜನೆಗಳಲ್ಲಿಯೂ ಅರ್ಧದಷ್ಟರ ಅಂದಾಜು ಶೇ. 20ಕ್ಕಿಂತ ಹೆಚ್ಚು ತಪ್ಪಿತ್ತು, ಆದರೆ ಅಲ್ಲಿ ತಪ್ಪು ಎರಡೂ ದಿಕ್ಕಿಗೆ ಹರಡಿತ್ತು. ರೈಲಿನ ತಪ್ಪು ಒಂದೇ ಕಡೆಗೆ ವಾಲಿದ್ದನ್ನು ನೋಡಿದರೆ ಅದನ್ನು ಕೇವಲ ಗಣಿತದ ದೋಷವೆನ್ನುವುದು ಕಷ್ಟ. ಯೋಜನೆ ಮುಂದುವರಿದರಷ್ಟೇ ಮುಂದಿನ ಕೆಲಸ ಸಿಗುವವರಿಂದ ಅಂದಾಜು ಮಾಡಿಸಿದರೆ ಅಂಕಿ ಯಾವ ಕಡೆಗೆ ವಾಲುತ್ತದೆಂದು ಊಹಿಸಬಹುದು. ವಿಶ್ವವಿದ್ಯಾಲಯದವರಿಗೆ ಸಂಬಳ ಬೇರೆಡೆಯಿಂದ ಬರುತ್ತದೆ, ಹಾಗಾಗಿ ಅವರಿಗೆ ನಮ್ಮ ಹಂಗು ಕಡಿಮೆ ಎಂಬುದು ನಮ್ಮ ಲೆಕ್ಕಾಚಾರವಾಗಿತ್ತು. ಇದು ಅರ್ಧ ನಿಜವಾಯಿತು. ಉಳಿದರ್ಧದ ಮಾತು ಮೂರನೆಯ ಕೆಲಸದ ಬಗ್ಗೆ ಹೇಳುವಾಗ ಬರುತ್ತದೆ.

ತಮ್ಮ ಪ್ರಸ್ತಾವದಲ್ಲಿ ಅವರು ಅರ್ಥಶಾಸ್ತ್ರಜ್ಞ ಡೇನಿಯಲ್ ಮೆಕ್‌ಫ್ಯಾಡನ್ ಅವರ ಪ್ರಸಿದ್ಧ ಉದಾಹರಣೆಯನ್ನು ಕೊಟ್ಟಿದ್ದರು. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದಲ್ಲಿ 1972ರಲ್ಲಿ ಆರಂಭವಾದ ಬಾರ್ಟ್ ರೈಲಿಗೆ ಅಧಿಕೃತ ಅಂದಾಜು ಶೇ. 15ರಷ್ಟು ಪ್ರಯಾಣಗಳ ಪಾಲನ್ನು ಹೇಳಿದ್ದರೆ, ಜನರು ಸಾರಿಗೆ ವಿಧಾನವನ್ನು ಆರಿಸಿಕೊಳ್ಳುವ ಬಗೆಯನ್ನೇ ಮಾದರಿಯಾಗಿಸಿದ ಅವರ ತಂಡ ಶೇ. 6.3 ಎಂದಿತ್ತು. ವಾಸ್ತವದಲ್ಲಿ ಬಂದದ್ದು ಶೇ. 6.2. ಆ ಕ್ಷೇತ್ರದ ಕೆಲಸಕ್ಕೆ ಅವರಿಗೆ 2000ದಲ್ಲಿ ನೊಬೆಲ್ ಪುರಸ್ಕಾರ ದೊರೆಯಿತು. ಇಷ್ಟನ್ನು ಯಾವ ಸಲಹಾ ಸಂಸ್ಥೆಯಾದರೂ ಹೇಳುತ್ತಿತ್ತು. ಆದರೆ ಮೊದಲ ಸಭೆಯಲ್ಲಿಯೇ ಸಲಹಾ ಘಟಕದ ಕಿರಿಯ ಸಂಶೋಧಕಿಯೊಬ್ಬರು, ನಿಲ್ದಾಣಕ್ಕೆ ನಡೆದು ಬರುವವರನ್ನು ಆ ಮಾದರಿ ಹೆಚ್ಚಾಗಿಯೂ ಕಾರಿನಲ್ಲಿ ಬರುವವರನ್ನು ಕಡಿಮೆಯಾಗಿಯೂ ಎಣಿಸಿತ್ತು, ಎರಡು ತಪ್ಪುಗಳು ಒಂದನ್ನೊಂದು ಸರಿದೂಗಿಸಿದ್ದವು, ಅದನ್ನು ಮೆಕ್‌ಫ್ಯಾಡನ್ ಅವರೇ ಒಪ್ಪಿಕೊಂಡಿದ್ದಾರೆ ಎಂದು ತಾವಾಗಿಯೇ ತಿಳಿಸಿದರು. ತಮ್ಮ ವಿದ್ಯೆಯ ಅತಿ ದೊಡ್ಡ ಗೆಲುವಿನಲ್ಲಿ ಅದೃಷ್ಟದ ಪಾಲೆಷ್ಟೆಂದು ಗ್ರಾಹಕರ ಮುಂದೆ ಹೇಳುವವರ ಮೇಲೆ ನನಗೆ ಆ ದಿನವೇ ನಂಬಿಕೆ ಹುಟ್ಟಿತು.

ಮುನ್ನಂದಾಜಿನ ಕೆಲಸ ಆ ನಂಬಿಕೆಯನ್ನು ಉಳಿಸಿತು. ಅವರು ಬಳಸಿದ್ದು 1950ರ ದಶಕದಲ್ಲಿ ಡೆಟ್ರಾಯಿಟ್ ಮತ್ತು ಶಿಕಾಗೊ ಅಧ್ಯಯನಗಳಲ್ಲಿ ರೂಪುಗೊಂಡ ಹಳೆಯ ನಾಲ್ಕು ಹಂತಗಳ ವಿಧಾನವನ್ನೇ: ಎಷ್ಟು ಪ್ರಯಾಣಗಳು ಹುಟ್ಟುತ್ತವೆ, ಎಲ್ಲಿಗೆ ಹೋಗುತ್ತವೆ, ಯಾವ ವಾಹನದಲ್ಲಿ, ಯಾವ ದಾರಿಯಲ್ಲಿ. ಹೊಸತನ ಅವರ ಉಪಕರಣದಲ್ಲಿರಲಿಲ್ಲ, ಅದನ್ನು ಅನುಮಾನಿಸುವ ಬಗೆಯಲ್ಲಿತ್ತು. ರಸ್ತೆಯ ದಟ್ಟಣೆಯಿಂದ ಪ್ರಯಾಣದ ಸಮಯವನ್ನು ಲೆಕ್ಕ ಹಾಕಲು 1964ರಿಂದ ಬಳಕೆಯಲ್ಲಿರುವ ಅಮೆರಿಕದ ಸೂತ್ರವೊಂದಿದೆ. ಅದರ ಪ್ರಕಾರ, ರಸ್ತೆ ತನ್ನ ಪೂರ್ಣ ಸಾಮರ್ಥ್ಯ ಮುಟ್ಟಿದಾಗ ಸಮಯ ಶೇ. 15ರಷ್ಟು ಹೆಚ್ಚುತ್ತದೆ, ವಾಹನಗಳು ಸಾಮರ್ಥ್ಯದ ಒಂದೂವರೆ ಪಟ್ಟಾದರೆ ಶೇ. 76ರಷ್ಟು. ನಮ್ಮ ಹಿಂದಿನ ವರದಿಗಳಲ್ಲೆಲ್ಲ ಈ ಸೂತ್ರವನ್ನು ಇದ್ದ ಹಾಗೆಯೇ ಇಳಿಸಿಕೊಳ್ಳಲಾಗಿತ್ತು. ಸಾಮರ್ಥ್ಯಕ್ಕಿಂತ ಹೆಚ್ಚು ವಾಹನಗಳು ಒಂದು ಗಂಟೆಯಲ್ಲಿ ಹಾದುಹೋಗಲಾರವು, ಸೂತ್ರ ಮಾತ್ರ ಅದನ್ನು ಒಪ್ಪಿಕೊಳ್ಳುತ್ತದೆ ಎಂದು ಈ ತಂಡ ತೋರಿಸಿ, ಎಣಿಕೆಗಳನ್ನು ಹೊಸದಾಗಿ ಮಾಡಿಸಿ, ಸೂತ್ರದ ಸ್ಥಿರಾಂಕಗಳನ್ನು ಆ ಎಣಿಕೆಗೆ ಹೊಂದಿಸಿತು. ತೀವ್ರ ದಟ್ಟಣೆಯ ಕೂಡುರಸ್ತೆಗಳಲ್ಲಿ ಸೂತ್ರವನ್ನೇ ಕೈಬಿಟ್ಟು, ನಿಂತ ವಾಹನಗಳ ಸಾಲಿನ ಉದ್ದವನ್ನು ಅಳೆಯಿತು. ಇದಕ್ಕೆ ತಗುಲಿದ ಹೆಚ್ಚುವರಿ ಎರಡು ತಿಂಗಳ ಬಗ್ಗೆ ಆಗ ನಾನೂ ಗೊಣಗಿದ್ದೆ.

ಕೊನೆಗೆ ಬಂದದ್ದು ಒಂದು ಅಂಕಿಯಲ್ಲ, ಕನಿಷ್ಠ, ಮಧ್ಯಮ, ಗರಿಷ್ಠ ಎಂಬ ಮೂರು. "ಇದು ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗಿದೆ, ನಮಗೆ ಬೇಕಾದ್ದು ಉತ್ತರ" ಎಂದು ನಮ್ಮ ಹಿರಿಯ ಅಧಿಕಾರಿಗಳು ಸಿಡಿಮಿಡಿಗೊಂಡರು. ನಾನು ಒಪ್ಪಲಿಲ್ಲ. ಮೂರು ಅಂಕಿಗಳ ಜೊತೆಗೆ ಒಂದೇ ಪುಟದ ಗೃಹೀತಗಳ ಪಟ್ಟಿ ಇತ್ತು. ಯಾವ ಗೃಹೀತ ಸಡಿಲಗೊಂಡರೆ ಅಂದಾಜು ಎಷ್ಟು ಜಾರುತ್ತದೆಂದು ಅದರಲ್ಲಿ ಬರೆದಿತ್ತು. ಜನರಿಗೆ ನಿಲ್ದಾಣದಲ್ಲಿ ಕಾಯುವ ಒಂದು ನಿಮಿಷ ವಾಹನದೊಳಗಿನ ಸುಮಾರು ಎರಡು ನಿಮಿಷಗಳಷ್ಟು ಭಾರವೆಂದು ಎಣಿಸುವುದು ಈ ಕ್ಷೇತ್ರದ ರೂಢಿ. ಹಾಗಾಗಿ ಎರಡು ವಾಹನಗಳ ನಡುವಿನ ಅಂತರ ಹೇಳಿದಷ್ಟು ಕಡಿಮೆ ಇರದಿದ್ದರೆ ನಮ್ಮ ಮಧ್ಯಮ ಅಂದಾಜು ನೇರವಾಗಿ ಕನಿಷ್ಠಕ್ಕೆ ಇಳಿಯುತ್ತಿತ್ತು. ಮಾರ್ಗದ ಉದ್ದವನ್ನು ಕಡಿಮೆ ಮಾಡಿ ಅದೇ ವಾಹನಗಳನ್ನು ಹೆಚ್ಚು ಬಾರಿ ಓಡಿಸಬೇಕೆಂಬ ತೀರ್ಮಾನಕ್ಕೆ ನಾವು ಬಂದದ್ದು ಆ ಒಂದು ಪುಟದಿಂದ. ಉಳಿದ ಪುಟಗಳಿಲ್ಲದೆಯೂ ನಮ್ಮ ಕೆಲಸ ನಡೆಯುತ್ತಿತ್ತು.

ಕೇಳದ ಪ್ರಶ್ನೆಯನ್ನೂ ಅವರು ಎತ್ತಿದರು. ಪರ್ಯಾಯವೆಂದು ನಾವು ಇಟ್ಟುಕೊಂಡಿದ್ದ ರಸ್ತೆ ಅಗಲೀಕರಣದ ಲೆಕ್ಕದಲ್ಲಿ ವಾಹನಗಳ ಸಂಖ್ಯೆ ಹಾಗೆಯೇ ಉಳಿಯುತ್ತದೆಂದು ಭಾವಿಸಲಾಗಿತ್ತು. ಅಮೆರಿಕದ ನಗರಗಳಲ್ಲಿ ಅಂತರರಾಜ್ಯ ಹೆದ್ದಾರಿಗಳು ಬೆಳೆದ ಪ್ರಮಾಣಕ್ಕೆ ಸರಿಸುಮಾರಾಗಿ ವಾಹನ ಸಂಚಾರವೂ ಬೆಳೆಯಿತೆಂದು ಜಿಲ್ಸ್ ಡುರಾಂಟನ್ ಮತ್ತು ಮ್ಯಾಥ್ಯೂ ಟರ್ನರ್ 2011ರಲ್ಲಿ ತೋರಿಸಿದ್ದನ್ನು ಮುಂದಿಟ್ಟು, ಅಗಲೀಕರಣದಿಂದ ಉಳಿಯುವುದೆಂದು ನಾವು ಬರೆದಿದ್ದ ಸಮಯದಲ್ಲಿ ಬಹುಭಾಗವನ್ನು ಹೊಡೆದುಹಾಕಿದರು.

ಭೂಬಳಕೆಯ ಅಧ್ಯಾಯದ ಬಗ್ಗೆ ಹೆಚ್ಚು ಹೇಳುವುದಿಲ್ಲ. 1826ರ ಥ್ಯೂನೆನ್‌ನಿಂದ 1964ರ ಅಲೊನ್ಸೊವರೆಗಿನ ಅರ್ಥಶಾಸ್ತ್ರಜ್ಞರನ್ನು ಹಿಡಿದು, ಪೇಟೆಯಿಂದ ದೂರ ಹೋದಂತೆ ಜಮೀನಿನ ಬೆಲೆ ಹೇಗೆ ಇಳಿಯುತ್ತದೆಂಬ ಪಾಠ ಅದರಲ್ಲಿತ್ತು. ನಿಲ್ದಾಣದ ಪಕ್ಕದ ಜಮೀನು ಯಾರ ಕೈಯಲ್ಲಿದೆ, ಅದು ಎಷ್ಟು ಸಣ್ಣ ತುಂಡುಗಳಾಗಿ ಹರಿದುಹೋಗಿದೆ ಎಂಬ ವಿಷಯ ಇರಲಿಲ್ಲ.

ಪ್ರಾದೇಶಿಕ ಅರ್ಥಶಾಸ್ತ್ರದ ಭಾಗ ಬೇರೆ ಯಾರೋ ಬರೆದಂತಿತ್ತು, ವಿಚಾರಿಸಿದಾಗ ನಿಜವಾಗಿಯೂ ಬೇರೆ ವಿಭಾಗದವರು ಬರೆದದ್ದೆಂದು ತಿಳಿಯಿತು. ವಾಸಿಲಿ ಲಿಯಾಂಟಿಯೆಫ್ ಅವರಿಗೆ 1973ರಲ್ಲಿ ನೊಬೆಲ್ ತಂದುಕೊಟ್ಟ ಒಳಸುರಿ-ಉತ್ಪನ್ನ ಕೋಷ್ಟಕ, ಅಂದರೆ ಯಾವ ಉದ್ಯಮ ಇನ್ಯಾವುದರಿಂದ ಎಷ್ಟು ಕೊಳ್ಳುತ್ತದೆಂಬ ಪಟ್ಟಿ, ಒಳ್ಳೆಯ ಸಾಧನವೇ. ಆದರೆ ಅದರಿಂದ ಗುಣಕ (ಒಂದು ಕಡೆಯ ಖರ್ಚು ಒಟ್ಟು ಎಷ್ಟು ಪಟ್ಟು ಪರಿಣಾಮ ಬೀರುತ್ತದೆಂಬ ಅಂಕಿ) ತೆಗೆದು ಉದ್ಯೋಗಗಳನ್ನು ಎಣಿಸುವಾಗ, ಬೇಕಾದಷ್ಟು ಕೆಲಸಗಾರರು ಬಿಡುವಾಗಿ ಕಾದಿದ್ದಾರೆ, ಬೆಲೆಗಳು ಕದಲುವುದಿಲ್ಲ ಎಂದು ಭಾವಿಸಿದಂತಾಗುತ್ತದೆ. ಪಕ್ಕದ ಬಡಾವಣೆಯಿಂದ ಸ್ಥಳಾಂತರಗೊಳ್ಳುವ ಅಂಗಡಿಯ ಕೆಲಸಗಳನ್ನು ಹೊಸ ಉದ್ಯೋಗವೆಂದು ಬರೆದಿದ್ದರು. ಪ್ರಯಾಣಿಕರಿಗೆ ಉಳಿಯುವ ಸಮಯದ ಮೌಲ್ಯವನ್ನೂ ಅದೇ ಸಮಯ ಉಳಿಯುವುದರಿಂದ ಏರುವ ಜಮೀನಿನ ಬೆಲೆಯನ್ನೂ ಕೂಡಿಸಿ, ಒಂದೇ ಲಾಭವನ್ನು ಎರಡು ಸಲ ಎಣಿಸಿದ್ದರು. ನನ್ನನ್ನು ಹೆಚ್ಚು ಕೆಣಕಿದ್ದು ಇನ್ನೊಂದು ಲೋಪ. ಸಾಗಣೆ ಅಗ್ಗವಾದಾಗ ಉದ್ಯಮಗಳು ಅಂಚಿನ ಊರುಗಳನ್ನು ಬಿಟ್ಟು ಕೇಂದ್ರಕ್ಕೆ ಸೇರಿಕೊಳ್ಳಲೂಬಹುದು ಎಂಬುದು ಪಾಲ್ ಕ್ರುಗ್‌ಮನ್ ಅವರ 1991ರ ಮಾದರಿಯ ಸಾರ. ನಮ್ಮ ಮಾರ್ಗದ ತುದಿಯಲ್ಲಿರುವ ಸಣ್ಣ ಪಟ್ಟಣಕ್ಕೆ ಲಾಭವೋ ನಷ್ಟವೋ ಎಂಬ ಪ್ರಶ್ನೆಯನ್ನು, ಅದನ್ನು ಪಾಠ ಮಾಡುವವರೇ ಕೇಳಿಕೊಂಡಿರಲಿಲ್ಲ. ಈ ಅಧ್ಯಾಯಕ್ಕೆ ಕನಿಷ್ಠ-ಗರಿಷ್ಠಗಳೂ ಇರಲಿಲ್ಲ, ಒಂದೇ ಒಂದು ದುಂಡನೆಯ ಅಂಕಿ ಇತ್ತು, ಪತ್ರಿಕಾ ಪ್ರಕಟಣೆಗೆ ಹೊಂದುವಂಥದ್ದು. ನಮ್ಮ ಕಚೇರಿಯೇ ಅಂಥ ಅಂಕಿಯನ್ನು ಬಯಸಿತ್ತೆಂಬುದನ್ನೂ ಒಪ್ಪಿಕೊಳ್ಳಬೇಕು. ಕಾರ್ಯವ್ಯಾಪ್ತಿಯ ಪತ್ರದಲ್ಲಿ "ಉದ್ಯೋಗ ಸೃಷ್ಟಿಯನ್ನು ತೋರಿಸುವುದು" ಎಂದು ಬರೆದವರು ನಾವೇ.

ಸೇವೆಯ ರೀತಿಯ ಬಗ್ಗೆ: ಪ್ರಸ್ತಾವದಲ್ಲಿ ಹೆಸರಿದ್ದ ಇಬ್ಬರು ಪ್ರಾಧ್ಯಾಪಕರನ್ನು ನಾವು ಕಂಡದ್ದು ನಾಲ್ಕು ಸಲ. ದಿನನಿತ್ಯದ ಕೆಲಸವೆಲ್ಲ ಸಂಶೋಧನಾ ವಿದ್ಯಾರ್ಥಿಗಳದ್ದು, ಮತ್ತು ಪರೀಕ್ಷೆಯ ತಿಂಗಳಲ್ಲಿ ಯಾವ ಪತ್ರಕ್ಕೂ ಉತ್ತರ ಬರಲಿಲ್ಲ. ಯಾರು ಎಷ್ಟು ದಿನ ದುಡಿಯುತ್ತಾರೆಂಬುದನ್ನು ಒಪ್ಪಂದದಲ್ಲಿ ಬರೆಸಿಕೊಳ್ಳುವುದು ಒಳ್ಳೆಯದು. ಇನ್ನೊಂದೆಡೆ, ಮಾದರಿಯ ಕಡತಗಳನ್ನೆಲ್ಲ ವಿವರಣೆಯ ಸಮೇತ ಬಿಟ್ಟುಕೊಟ್ಟರು, ಎರಡು ದಿನ ಕುಳಿತು ನಮ್ಮ ಸಿಬ್ಬಂದಿಗೆ ಅದನ್ನು ಓಡಿಸಲು ಕಲಿಸಿದರು. ಫಲಿತಾಂಶಗಳನ್ನು ಪ್ರಬಂಧವಾಗಿ ಪ್ರಕಟಿಸುವ ಹಕ್ಕನ್ನು ಅವರು ಕೇಳಿದಾಗ ನಮ್ಮ ಕಾನೂನು ವಿಭಾಗ ಹಿಂಜರಿಯಿತು. ಹೊರಗಿನ ವಿದ್ವಾಂಸರು ಪರಿಶೀಲಿಸುತ್ತಾರೆಂದು ಗೊತ್ತಿದ್ದರೆ ಲೆಕ್ಕ ಬಿಗಿಯಾಗಿರುತ್ತದೆಂದು ವಾದಿಸಿ ನಾನು ಒಪ್ಪಿಸಿದೆ. ಪ್ರಕಟಣೆಗೆ ಅವರು ಕೇಳಿದ್ದು ಮುನ್ನಂದಾಜಿನ ಭಾಗವನ್ನು ಮಾತ್ರ, ಆರ್ಥಿಕ ಪರಿಣಾಮದ ಅಧ್ಯಾಯವನ್ನು ಕೇಳಲಿಲ್ಲ.

ಮುಂದಿನ ಮಾರ್ಗದ ಮುನ್ನಂದಾಜಿಗೆ ಇವರನ್ನೇ ಕರೆಯುತ್ತೇವೆ. ಆರ್ಥಿಕ ಪರಿಣಾಮದ ಅಧ್ಯಾಯವನ್ನು ಸದ್ಯಕ್ಕೆ ಬದಿಗಿಟ್ಟು, ತುದಿಯ ಪಟ್ಟಣದ ಪ್ರಶ್ನೆಯೊಂದನ್ನೇ ಕಾರ್ಯವ್ಯಾಪ್ತಿಯಾಗಿಸಿ ಹೊಸ ಪತ್ರ ಬರೆದಿದ್ದೇವೆ. ಈ ಸಲ ಅದರಲ್ಲಿ "ತೋರಿಸುವುದು" ಎಂಬ ಪದವಿಲ್ಲ.