ಬಿಳಿ ಅಂಟು, ಅಕ್ರಿಲಿಕ್ ಮೀಡಿಯಂ, ಮೈದಾ, ಹುಣಸೆ ಬೀಜ: ಮಿಶ್ರ ಮಾಧ್ಯಮಕ್ಕೆ ನಾನು ಬಳಸಿ ನೋಡಿದ ಅಂಟುಗಳು

ಮಿಶ್ರ ಮಾಧ್ಯಮದ ಕಲಾಕೃತಿಗಳಿಗೆ ಯಾವ ಅಂಟು ಒಳ್ಳೆಯದೆಂದು ಕೇಳಿದವರಿಗೆ ನಾನು ಈಗ ಹುಣಸೆ ಬೀಜದ ಅಂಟನ್ನೇ ಹೇಳುತ್ತೇನೆ. ಐದು ವರ್ಷ ಮರಗೆಲಸದ ಬಿಳಿ ಅಂಟನ್ನೂ, ಒಂದು ವರ್ಷ, ಬಣ್ಣಕ್ಕೆ ಬೆರೆಸುವ, ಅಂಟಾಗಿಯೂ ಬಳಸುವ ಅಕ್ರಿಲಿಕ್ ಮೀಡಿಯಂ ಅನ್ನೂ, ನಡುನಡುವೆ ಮೈದಾ ಅಂಟನ್ನೂ ಬಳಸಿದ ಮೇಲೆ ಈ ಮಾತಿಗೆ ಬಂದಿದ್ದೇನೆ. ಹಳೆಯ ಪಂಚಾಂಗದ ಹಾಳೆ, ಸವೆದ ರೇಷ್ಮೆ ಸೀರೆಯ ಅಂಚು, ತೆಂಗಿನ ನಾರು, ಸೋಸಿದ ಕೆರೆಮಣ್ಣು, ಬಸ್ ಟಿಕೆಟ್ಟು, ಇವುಗಳನ್ನು ಹಲಗೆಯ ಮೇಲೆ ಒಂದರ ಮೇಲೊಂದು ಕೂರಿಸಿ, ಕೆಲವು ಕಡೆ ಬಣ್ಣ ಹಚ್ಚಿ, ಕೆಲವು ಕಡೆ ಹಾಗೆಯೇ ಬಿಡುವುದು ನನ್ನ ಕೆಲಸ. ಮುಗಿದ ಕೃತಿಯಲ್ಲಿ ಅಂಟು ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ಬೆಳಗಿನಿಂದ ಸಂಜೆಯವರೆಗೆ ನನ್ನ ಬೆರಳಿಗೆ ಬಣ್ಣಕ್ಕಿಂತ ಹೆಚ್ಚಾಗಿ ತಾಕುವುದು ಅದೇ.

ಬಿಳಿ ಅಂಟನ್ನು ಬಿಡಲು ಕಾರಣವಾದ ಘಟನೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಕರ್ನಾಟಕ ಚಿತ್ರಕಲಾ ಪರಿಷತ್ತು ಜನವರಿಯಲ್ಲಿ ನಡೆಸುವ ಚಿತ್ರಸಂತೆಗೆಂದು ಒಂದು ವರ್ಷ 19 ಕೃತಿಗಳನ್ನು ಸಿದ್ಧಪಡಿಸಿದ್ದೆ. ಅದಕ್ಕಾಗಿ ಸಗಟು ದರಕ್ಕೆ ಸಿಕ್ಕಿತೆಂದು 5 ಕೆ.ಜಿ.ಯ ಬಿಳಿ ಅಂಟಿನ ಡಬ್ಬ ಕೊಂಡು ತಂದಿದ್ದೆ. ಆ ದಿನ 8 ಕೃತಿಗಳು ಮಾರಾಟವಾದವು. ಉಳಿದ 11ನ್ನು ರೈಲಿನಲ್ಲಿ ತುಮಕೂರಿಗೆ ತಂದು, ಕ್ಯಾತ್ಸಂದ್ರದ ನಮ್ಮ ಮನೆಯ ಮಹಡಿಯಲ್ಲಿರುವ ಶೀಟಿನ ಮಾಡಿನ ಕೋಣೆಯಲ್ಲಿ, ಒಂದೊಂದರ ನಡುವೆ ದಿನಪತ್ರಿಕೆಯ ಹಾಳೆ ಇಟ್ಟು, ಅಡ್ಡಡ್ಡಲಾಗಿ ಪೇರಿಸಿದೆ. ಜನವರಿಯಲ್ಲಿ ಎಲ್ಲವೂ ಮುಟ್ಟಿದರೆ ಗರಿಗರಿಯಾಗಿ ಒಣಗಿದ್ದವು.

ಏಪ್ರಿಲ್ ಕೊನೆಯಲ್ಲಿ ಯಾರೋ ನೋಡಲು ಬರುತ್ತಾರೆಂದು ಕೋಣೆಯ ಬಾಗಿಲು ತೆಗೆದು, ಮೇಲಿನ ಕೃತಿಯನ್ನು ಎತ್ತಲು ಹೋದರೆ ಅದರ ಜೊತೆಗೆ ಕೆಳಗಿನ ಮೂರು ಎದ್ದು ಬಂದವು. ಬೇಸಿಗೆಯ ಬಿಸಿಗೆ ಅಂಟಿನ ಪದರ ಮೆತ್ತಗಾಗಿ, ಮೇಲಿನ ಕೃತಿಗಳ ಭಾರಕ್ಕೆ ಪತ್ರಿಕೆಯ ಹಾಳೆಯನ್ನು ಹಿಡಿದುಕೊಂಡುಬಿಟ್ಟಿತ್ತು. ಬಲವಾಗಿ ಎಳೆದಲ್ಲಿ ಹಾಳೆ ಹರಿದು ಅದರ ನಾರು ನನ್ನ ಕೆಲಸದ ಮೇಲೆಯೇ ಉಳಿಯಿತು. ಸುಣ್ಣದ ಬಿಳಿಯ ಮೇಲೆ ಕೆಂಪು ಅಂಚು ಕೂರಿಸಿದ್ದ ಒಂದು ಕೃತಿ ನನಗೆ ಬಹಳ ಪ್ರಿಯವಾಗಿತ್ತು. ಅದರ ಬಿಳಿ ಭಾಗದ ಮೇಲೆ ಪತ್ರಿಕೆಯ ಅಕ್ಷರಗಳು ಕನ್ನಡಿಯಲ್ಲಿ ಕಾಣುವಂತೆ ತಿರುಗುಮುರುಗಾಗಿ ಅಚ್ಚೊತ್ತಿದ್ದವು. ಕೃಷಿ ಮಾರುಕಟ್ಟೆಯ ಧಾರಣೆಯ ಪಟ್ಟಿ ಅದು. ಕೊಬ್ಬರಿಯ ದರವನ್ನು ಬಲದಿಂದ ಎಡಕ್ಕೆ ಓದುತ್ತಾ ಎಷ್ಟೋ ಹೊತ್ತು ಅಲ್ಲಿಯೇ ಕುಳಿತಿದ್ದೆ.

ಆಮೇಲೆ ಓದಿ ತಿಳಿದುಕೊಂಡೆ. ಬಿಳಿ ಅಂಟು ಎಂದರೆ ನೀರಿನಲ್ಲಿ ತೇಲುವ ಪಾಲಿವಿನೈಲ್ ಅಸಿಟೇಟ್ ಎಂಬ ಪ್ಲಾಸ್ಟಿಕ್ಕಿನ ಸಣ್ಣ ಸಣ್ಣ ಕಣಗಳು. ನೀರು ಆರಿದಾಗ ಕಣಗಳು ಕೂಡಿಕೊಂಡು ಪದರವಾಗುತ್ತವೆ. ಆ ಪ್ಲಾಸ್ಟಿಕ್ಕು ಸುಮಾರು 30 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಗಡಸುತನ ಕಳೆದುಕೊಂಡು ಮೆತ್ತಗಾಗುತ್ತದೆ. ಅಂಟು ಬಿರಿಯದಿರಲೆಂದು ಸೇರಿಸುವ ಮೃದುಕಾರಕಗಳು ಆ ಮಟ್ಟವನ್ನು ಇನ್ನೂ ಕೆಳಕ್ಕೆ ಇಳಿಸುತ್ತವೆ. ನಮ್ಮೂರಿನ ಏಪ್ರಿಲ್ ತಿಂಗಳಲ್ಲಿ, ಅದರಲ್ಲೂ ಶೀಟಿನ ಕೆಳಗೆ, ಆ ಮಟ್ಟ ಬೆಳಿಗ್ಗೆ ಹತ್ತು ಗಂಟೆಗೇ ದಾಟಿಹೋಗುತ್ತದೆ. ಚಳಿಯಲ್ಲಿ ಅದೇ ಪದರ ಗಟ್ಟಿಯಾಗಿ ಬೆಸುಗೆ ಸಡಿಲವಾಗುತ್ತದೆಂದು ತಿಳಿದು, ಚಿಕ್ಕ ಕೃತಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟೆ. ಬೆಳಿಗ್ಗೆ ತೆಗೆದು ಅಂಚಿನಿಂದ ಮೆಲ್ಲಗೆ ಬಿಡಿಸಿದಾಗ ಪಟಪಟನೆ ಸದ್ದು ಮಾಡುತ್ತಾ ನಾಲ್ಕು ಕೃತಿಗಳು ಬಿಟ್ಟುಕೊಂಡವು. ಇಂಥ ಸಂಕಟಕ್ಕೆ ಸಿಲುಕಿದವರು ಈ ಉಪಾಯವನ್ನು ಮಾಡಿ ನೋಡಬಹುದು. ಎರಡು ಅಡಿ ಅಗಲ, ಮೂರು ಅಡಿ ಉದ್ದದ ಹಲಗೆಗಳು ಯಾವ ಫ್ರಿಜ್ಜಿಗೂ ಹಿಡಿಸುವಂಥವಲ್ಲ. ಅವು ಏಳೂ ಹಾಳಾದವು.

ಬಿಳಿ ಅಂಟಿಗೆ ಹಿಡಿತ ಚೆನ್ನಾಗಿದೆ, ಬೇಗ ಒಣಗುತ್ತದೆ, ಎಲ್ಲ ಸ್ಟೇಷನರಿ ಅಂಗಡಿಗಳಲ್ಲೂ ಸಿಗುತ್ತದೆ. ಹಲಗೆಯ ಹಿಂಬದಿಗೆ ರೀಪು ಕೂರಿಸಲು ನಾನು ಈಗಲೂ ಅದನ್ನೇ ಬಳಸುತ್ತೇನೆ. ಆದರೆ ತೆಳು ರೇಷ್ಮೆಯಡಿಯಲ್ಲಿ ಹಚ್ಚಿದರೆ ನೂಲಿನ ಸಂದಿಯಿಂದ ಮೇಲಕ್ಕೆ ಒಸರಿ, ಒಣಗಿದ ಮೇಲೆ ಮಿನುಗುವ ಕಲೆಯಾಗಿ ಉಳಿಯುತ್ತದೆ, ಆ ಕಲೆಯನ್ನು ತೆಗೆಯುವ ಉಪಾಯ ನನಗಂತೂ ಸಿಕ್ಕಿಲ್ಲ.

ಈ ನಷ್ಟವಾದ ಮೇಲೆ ದುಬಾರಿಯಾದದ್ದನ್ನೇ ಕೊಳ್ಳೋಣವೆಂದು ಬೆಂಗಳೂರಿನಿಂದ ಮ್ಯಾಟ್, ಅಂದರೆ ಹೊಳಪಿಲ್ಲದ, ಅಕ್ರಿಲಿಕ್ ಮೀಡಿಯಂ ತರಿಸಿದೆ. ಅರ್ಧ ಲೀಟರಿಗೆ ಸಾವಿರ ರೂಪಾಯಿಯ ಹತ್ತಿರ ಬಿತ್ತು. ಅದರ ಗುಣವನ್ನು ಮರೆಮಾಚುವುದು ಸರಿಯಲ್ಲ: ರೇಷ್ಮೆಯ ಮೇಲೆ ಹೊಳಪು ಬಿಡುವುದಿಲ್ಲ, ಒಣಗಿದ ಮೇಲೆ ನೀರಿಗೆ ಜಗ್ಗುವುದಿಲ್ಲ, ಅದರ ಮೇಲೆ ಜಲವರ್ಣವನ್ನೇ ಹಚ್ಚಿದರೂ ಕೆಳಗಿನ ಪದರ ಕದಲುವುದಿಲ್ಲ. ಆದರೆ ದೊಡ್ಡ ಹಲಗೆಯೊಂದಕ್ಕೆ ಕಾಲು ಲೀಟರ್ ಸಲೀಸಾಗಿ ಖರ್ಚಾಗುತ್ತದೆ. ಅಂಟಿಗೇ ಐನೂರು ರೂಪಾಯಿ ಹೋದರೆ ಮೂರು ಸಾವಿರಕ್ಕೆ ಮಾರುವ ಕೃತಿಯಲ್ಲಿ ನನ್ನ ಕೈಗೆ ಉಳಿಯುವುದು ಬಹಳ ಕಡಿಮೆ. ಅಲ್ಲದೆ ಇದೂ ಪ್ಲಾಸ್ಟಿಕ್ಕಿನ ಜಾತಿಯದೇ ಆದ್ದರಿಂದ, ಬಿಳಿ ಅಂಟಿನಷ್ಟಲ್ಲದಿದ್ದರೂ ಮೇ ತಿಂಗಳಲ್ಲಿ ಮುಟ್ಟಿದರೆ ಬೆರಳಿಗೆ ಹಿಡಿದಂತಾಗುತ್ತದೆ.

ಮೈದಾ ಅಂಟಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಾಗದಕ್ಕೆ ಚೆನ್ನಾಗಿದೆ, ಅಗ್ಗವಾಗಿದೆ, ತೆಂಗಿನ ನಾರನ್ನು ಹಿಡಿಯುವುದಿಲ್ಲ. ಜಿರಳೆಗಳು ಒಂದೇ ಮಳೆಗಾಲದಲ್ಲಿ ಒಂದು ಕೃತಿಯ ಅಂಚನ್ನೆಲ್ಲ ಮೆದ್ದವು.

ಹುಣಸೆ ಬೀಜದ ದಾರಿಯನ್ನು ತೋರಿಸಿದವರು ನಮ್ಮ ಪಕ್ಕದ ಮನೆಯ ಅಜ್ಜಿ. ಬೇಸಿಗೆ ಬಂತೆಂದರೆ ನಮ್ಮ ಕಡೆ ಜಗಲಿಗಳ ಮೇಲೆ ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುವ ಕೆಲಸ ನಡೆಯುತ್ತದೆ. ತುಮಕೂರಿನ ಮಾರುಕಟ್ಟೆಗೆ ಆ ದಿನಗಳಲ್ಲಿ ಬರುವ ಹುಣಸೆಹಣ್ಣಿನ ರಾಶಿಯನ್ನು ಕಂಡವರಿಗೆ ಇದು ಗೊತ್ತಿರುತ್ತದೆ. ನನ್ನ ಹಾಳಾದ ಹಲಗೆಗಳನ್ನು ನೋಡಿದ ಅಜ್ಜಿ, "ನಮ್ಮೋರು ಕಂಬಳಿ ಹಾಸಿಗೆ ಹುಣಸೆ ಬೀಜದ ಸರಿ ಹಚ್ತಿದ್ರು ಕಣವ್ವ, ಬಿಸಿಲಲ್ಲಿ ಒಣಗಿದ್ರೆ ನೂಲು ತಂತಿ ಹಂಗೆ ನಿಲ್ಲೋದು. ಬೇಕಾದ್ರೆ ಒಂದು ಮೊರ ಬೀಜ ತಗಂಡೋಗು," ಎಂದರು. ಅವರ ತವರು ಶಿರಾ ಕಡೆಯದು. ಹಾಸಿಗೆ, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಹಾಸುವ ಉಣ್ಣೆಯ ನೂಲಿಗೆ, ಗಂಜಿಯಂಥ ಈ ಸರಿ ಹಚ್ಚುವುದು ಕಂಬಳಿ ನೇಕಾರರ ಹಳೆಯ ಪದ್ಧತಿ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಗೊಂಬೆಗಳಲ್ಲಿಯೂ, ಒಡಿಶಾದ ಪಟ್ಟಚಿತ್ರದ ಬಟ್ಟೆಯನ್ನು ಹದಗೊಳಿಸುವಲ್ಲಿಯೂ ಹುಣಸೆ ಬೀಜದ ಅಂಟೇ ಬಳಕೆಯಾಗುತ್ತದೆಂದು ನಾನು ಓದಿದ್ದೆ. ಚಿಕ್ಕಂದಿನಲ್ಲಿ ಬೀಜದ ಒಂದು ಮಗ್ಗುಲನ್ನು ಬೆಳ್ಳಗಾಗುವವರೆಗೆ ಕಲ್ಲಿಗೆ ಉಜ್ಜಿ ಚೌಕಾಬಾರ ಆಡಿದವಳಿಗೆ, ಅದೇ ಬೀಜವನ್ನು ಬೇಯಿಸಿ ನೋಡಬೇಕೆಂಬ ಯೋಚನೆ ಮಾತ್ರ ಅಲ್ಲಿಯವರೆಗೆ ಬಂದಿರಲಿಲ್ಲ.

ಮಾಡುವ ಕ್ರಮ ಹೀಗಿದೆ. ಬೀಜವನ್ನು ಸಣ್ಣ ಉರಿಯಲ್ಲಿ, ಸಿಪ್ಪೆ ಚಿಟಚಿಟನೆ ಸಿಡಿಯುವವರೆಗೆ ಹುರಿದು, ಆರಿದ ಮೇಲೆ ಒರಳಿನಲ್ಲಿ ಮೆಲ್ಲಗೆ ಕುಟ್ಟಿ ಕೇರಿದರೆ ಕಂದು ಸಿಪ್ಪೆ ಹಾರಿ ಒಳಗಿನ ಕೆನೆಬಣ್ಣದ ಬೇಳೆ ಉಳಿಯುತ್ತದೆ. ಅದನ್ನು ಗಿರಣಿಯಲ್ಲಿ ನುಣ್ಣಗೆ ಬೀಸಿಸಿ ಇಟ್ಟುಕೊಳ್ಳುತ್ತೇನೆ. ಬೇಕಾದಾಗ 40 ಗ್ರಾಂ ಪುಡಿಯನ್ನು ಅರ್ಧ ಲೀಟರ್ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಕೈಬಿಡದೆ ತಿರುವುತ್ತಾ ಅರ್ಧ ಗಂಟೆ ಕುದಿಸಿದರೆ ರಾಗಿ ಅಂಬಲಿಗಿಂತ ದಪ್ಪನೆಯ, ಬೆರಳ ನಡುವೆ ಎಳೆ ಬರುವ ಅಂಟು ಸಿದ್ಧವಾಗುತ್ತದೆ. ತೆಳು ಬಟ್ಟೆಯಲ್ಲಿ ಸೋಸಲೇಬೇಕು.

ಮೊದಲ ಸಲ ನಾನು ಎರಡು ತಪ್ಪು ಮಾಡಿದೆ. ಸಿಪ್ಪೆಯನ್ನು ಪೂರ್ತಿ ತೆಗೆಯದೆ ಬೀಸಿಸಿದ್ದು ಒಂದು, ಕಬ್ಬಿಣದ ಬಾಣಲೆಯಲ್ಲಿ ಕುದಿಸಿದ್ದು ಇನ್ನೊಂದು. ಹುಣಸೆ ಬೀಜದ ಸಿಪ್ಪೆಯಲ್ಲಿ ಟ್ಯಾನಿನ್ ಎಂಬ ಒಗರಿನ ಅಂಶ ಬಹಳವಿದೆ. ಅದಕ್ಕೆ ಕಬ್ಬಿಣ ಸೇರಿದರೆ ಕಪ್ಪಾಗುತ್ತದೆ. ಕೆನೆಬಣ್ಣದ ಅಂಟಿನ ಬದಲು ಮಸಿಯಂಥ ಬೂದು ಅಂಟು ಬಂದು, ಅದರಿಂದ ಹಚ್ಚಿದ ಪಂಚಾಂಗದ ಹಾಳೆಯೆಲ್ಲ ಮೋಡ ಕವಿದಂತೆ ಕಂಡಿತು. ಈಗ ಸ್ಟೀಲಿನ ಪಾತ್ರೆಯಲ್ಲೇ ಕುದಿಸುತ್ತೇನೆ. ಮೋಡದ ಆ ಬಣ್ಣ ಮಾತ್ರ ಮನಸ್ಸಿನಲ್ಲಿ ಉಳಿದು, ದೇವರಾಯನದುರ್ಗದ ಬಂಡೆಗಳನ್ನು ಕುರಿತ ಸರಣಿಗೆ ಬೇಕೆಂದೇ ಸಿಪ್ಪೆ ಸೇರಿಸಿ, ತುಕ್ಕು ಹಿಡಿದ ಮೊಳೆಗಳನ್ನು ಹಾಕಿ ಕುದಿಸಿದ ಅಂಟನ್ನು ಬಳಸಿದೆ. ಅಂಗಡಿಯ ಯಾವ ಬೂದು ಬಣ್ಣವೂ ನನಗೆ ಅಷ್ಟು ಒಪ್ಪಿಗೆಯಾಗಿಲ್ಲ.

ಈ ಅಂಟಿನಲ್ಲಿ ನಾನು ಹೆಚ್ಚು ಮೆಚ್ಚಿದ್ದು ಅದು ಕೊಡುವ ಬಿಡುವನ್ನು. ಬಿಳಿ ಅಂಟು ಎರಡು ಮೂರು ನಿಮಿಷಕ್ಕೇ ಹಿಡಿದುಬಿಡುತ್ತದೆ. ಹುಣಸೆ ಅಂಟಿನ ಮೇಲೆ ಸೀರೆಯ ಅಂಚನ್ನು ಹತ್ತು ನಿಮಿಷದವರೆಗೂ ಅತ್ತಿತ್ತ ಜರುಗಿಸಬಹುದು. ಅಂಚಿನ ಜರಿ ಪಂಚಾಂಗದ ಯಾವ ತಿಥಿಯ ಸಾಲಿಗೆ ತಾಗಿ ನಿಲ್ಲಬೇಕೆಂಬುದನ್ನು ನಾನು ಮೊದಲೇ ನಿರ್ಧರಿಸುವುದಿಲ್ಲ, ಇಟ್ಟು ನೋಡಿ, ದೂರ ಸರಿದು ನೋಡಿ, ಮತ್ತೆ ಜರುಗಿಸುತ್ತೇನೆ. ಮಾರನೆಯ ದಿನ ಇಷ್ಟವಾಗದಿದ್ದರೆ ಒದ್ದೆ ಬಟ್ಟೆಯನ್ನು ಕಾಲು ಗಂಟೆ ಹೊದಿಸಿ ಇಡೀ ತುಂಡನ್ನು ಹರಿಯದಂತೆ ಎಬ್ಬಿಸಲೂಬಹುದು. ಅಕ್ರಿಲಿಕ್ ಬಳಸುವಾಗ ನಾನು ತಪ್ಪಿನ ಭಯಕ್ಕೆ ಸಣ್ಣ ಸಣ್ಣ ತುಂಡುಗಳನ್ನೇ ಅಂಟಿಸುತ್ತಿದ್ದೆ. ಈಗ ಒಂದು ಮೊಳದ ಅಂಚನ್ನೂ ಧೈರ್ಯವಾಗಿ ಹಾಸುತ್ತೇನೆ.

ತೆಂಗಿನ ನಾರಿಗೆ ಬರಿಯ ಅಂಟು ಸಾಲುವುದಿಲ್ಲ. ಕಿನ್ನಾಳದವರು ಹುಣಸೆ ಅಂಟಿಗೆ ಮರದ ಹೊಟ್ಟು ಕಲಸಿ ಕಿಟ್ಟ ಎಂಬ ಮುದ್ದೆ ಮಾಡುವ ಕ್ರಮವನ್ನು ನೆನೆದು, ನಾನು ಗಟ್ಟಿ ಅಂಟಿಗೆ ಜರಡಿ ಹಿಡಿದ ನಾರಿನ ಪುಡಿಯನ್ನು ಕಲಸಿ, ಚಪಾತಿ ಹಿಟ್ಟಿನ ಹದಕ್ಕೆ ತಂದು, ಅದರೊಳಗೆ ನಾರನ್ನು ಒತ್ತುತ್ತೇನೆ. ತಿಪಟೂರು, ಗುಬ್ಬಿ ಕಡೆ ನಾರಿನ ಪುಡಿಗೆ ಬರವಿಲ್ಲ. ಒಣಗಲು ಎರಡು ದಿನ ಬೇಕು. ಒಣಗಿದ ಮೇಲೆ ಉಗುರಿನಿಂದ ಕೆರೆದರೂ ಏಳುವುದಿಲ್ಲ.

ಮೇ ತಿಂಗಳಲ್ಲಿ ನಾಲ್ಕು ಅಂಟುಗಳಿಂದಲೂ ಒಂದೊಂದು ಸಣ್ಣ ಹಲಗೆ ಮಾಡಿ, ಮೇಲೆ ಪತ್ರಿಕೆಯ ತುಂಡು, ಅದರ ಮೇಲೆ ಒಂದೊಂದು ಇಟ್ಟಿಗೆ ಹೇರಿ, ಅದೇ ಶೀಟಿನ ಕೋಣೆಯಲ್ಲಿ ಮೂರು ವಾರ ಇಟ್ಟೆ. ಬಿಳಿ ಅಂಟಿನದು ಪತ್ರಿಕೆಯನ್ನು ಬಿಡಲೇ ಇಲ್ಲ. ಅಕ್ರಿಲಿಕ್‌ನದು ಸ್ವಲ್ಪ ಮಸಿ ಹಿಡಿಯಿತು. ಮೈದಾ ಮತ್ತು ಹುಣಸೆಯ ಹಲಗೆಗಳ ಮೇಲಿಂದ ಪತ್ರಿಕೆ ಗಾಳಿಗೇ ಹಾರಿತು.

ತೊಂದರೆಗಳೂ ಇವೆ. ಕುದಿಸಿದ ಅಂಟು ಮೂರನೆಯ ದಿನಕ್ಕೆ ಹುಳಿವಾಸನೆ ಹೊಡೆಯುತ್ತದೆ. ಆದ್ದರಿಂದ ಭಾನುವಾರ ಮತ್ತು ಬುಧವಾರ ಮಾಡಿಕೊಳ್ಳುವುದನ್ನು ರೂಢಿಸಿಕೊಂಡಿದ್ದೇನೆ. ಹುಳುಗಳಿಗೆ ಇದೂ ಆಹಾರವೇ. ನಮ್ಮೂರಿನಲ್ಲಿ ಬೈಂಡಿಂಗ್ ಕೆಲಸ ಮಾಡುವ ಹಿರಿಯರೊಬ್ಬರು, "ಒಂದು ಚಿಟಿಕೆ ಮೈಲುತುತ್ತ ಹಾಕಮ್ಮ, ಹುಳ ಮುಟ್ಟಲ್ಲ," ಎಂದರು. ಅಡಿಕೆ ತೋಟಗಳಿಗೆ ಬೋರ್ಡೋ ದ್ರಾವಣ ಮಾಡಲು ಕೊಳ್ಳುವ ಅದೇ ನೀಲಿ ಹರಳು, ಗೊಬ್ಬರದ ಅಂಗಡಿಯಲ್ಲಿ ಸಿಗುತ್ತದೆ. ಅದು ವಿಷವಾದ್ದರಿಂದ ಅಂಟಿನ ಪಾತ್ರೆ, ಸೌಟು, ಸೋಸುವ ಬಟ್ಟೆ ಎಲ್ಲವನ್ನೂ ಅಡುಗೆಮನೆಯಿಂದ ಬೇರೆಯಾಗಿಯೇ ಇಡಬೇಕು. ಮನೆಯಲ್ಲಿ ಮಕ್ಕಳಿದ್ದರೆ ಬೀಗ ಹಾಕಿಯೇ ಇಡಬೇಕು. ನೀರಿನ ಮುಂದೆ ಈ ಅಂಟು ನಿಲ್ಲುವುದಿಲ್ಲ. ಗೋಡೆ ತೇವ ಹಿಡಿಯುವ ಮನೆಗೆ ಹೋಗುವ ಕೃತಿಯಾದರೆ ಕೊನೆಯಲ್ಲಿ ಮೇಲೆ ಒಂದು ತೆಳು ಕೈ ಅಕ್ರಿಲಿಕ್ ಮೀಡಿಯಂ ಎಳೆದು, ಗಾಜು ಹಾಕಿಸಿಯೇ ಕೊಡುತ್ತೇನೆ. ಅರ್ಧ ಲೀಟರಿನ ಡಬ್ಬ ಈಗ ವರ್ಷಪೂರ್ತಿ ಬರುತ್ತದೆ.

ವಾರದಲ್ಲಿ ಎರಡು ಬೆಳಗು ಒಲೆಯ ಮುಂದೆ ನಿಲ್ಲಲು ನನಗೆ ಬಿಡುವಿದೆ, ಮನೆಯಿಂದಲೇ ಕೆಲಸ ಮಾಡುತ್ತೇನೆ, ಬೀಜ ಪಕ್ಕದ ಜಗಲಿಯಲ್ಲೇ ಸಿಗುತ್ತದೆ. ನನ್ನ ಆಯ್ಕೆ ಇವುಗಳಿಂದಲೇ ಹುಟ್ಟಿದ್ದು. ಕಚೇರಿಯಿಂದ ಬಂದು ರಾತ್ರಿ ಒಂದು ಗಂಟೆ ಕುಳಿತು ಕೊಲಾಜ್ ಮಾಡುವವರು, ಸಣ್ಣ ಅಳತೆಯ ಕೃತಿಗಳನ್ನೇ ಮಾಡುವವರು ಮ್ಯಾಟ್ ಅಕ್ರಿಲಿಕ್ ಕೊಳ್ಳಲಿ, ಕೃತಿಗಳನ್ನು ಒಂದರ ಮೇಲೊಂದು ಪೇರಿಸದೆ ನಿಲ್ಲಿಸಿಡಲಿ. ಹುಣಸೆ ಅಂಟು ಮಾಡಲು ಮನಸ್ಸಿರುವವರು ಮಾರ್ಚ್ ತಿಂಗಳಲ್ಲೇ ಬೀಜ ಕೂಡಿಸಿಟ್ಟುಕೊಳ್ಳಿ. ಈ ಸಲ ಅಜ್ಜಿಯ ಮನೆಯಿಂದ ಎರಡು ಮೊರ ತಂದು ಹುರಿದಿದ್ದೇನೆ. ಗಿರಣಿಯವರು ಖಾರದಪುಡಿಯ ಯಂತ್ರದಲ್ಲಿ ಬೇಡ, ರಾಗಿಯ ಕಲ್ಲು ಬಿಡುವಾದಾಗ ಬೀಸಿಕೊಡುತ್ತೇನೆಂದು ಮಂಗಳವಾರ ಬರಲು ಹೇಳಿದ್ದಾರೆ.