ಗಣೇಶಗುಡಿಯ ಹಕ್ಕಿ ನಡಿಗೆ: ಒಂದೇ ಸಂಜೆ ಕಪ್ಪೆಬಾಯಿ, ನತ್ತಿಂಗ

ಡಿಸೆಂಬರ್‌ನಲ್ಲಿ ದಾಂಡೇಲಿ ಹತ್ತಿರದ ಗಣೇಶಗುಡಿಗೆ ಹೋಗಿದ್ದೆ. ಉಳಿದಿದ್ದ ಹೋಂಸ್ಟೇಯವರೇ ಸಂಜೆ ಹಕ್ಕಿ ನಡಿಗೆಗೆ ಕರೆದುಕೊಂಡು ಹೋದರು.

ಕಪ್ಪೆಬಾಯಿ (ಫ್ರಾಗ್‌ಮೌತ್ ಎಂಬ ರಾತ್ರಿ ಹಕ್ಕಿ) ಬೆಳಕಿರುವಾಗಲೇ ಸಿಕ್ಕಿತು. ಬಿದಿರು ಮೆಳೆಯೊಳಗೆ, ಎದೆಮಟ್ಟದಲ್ಲಿ, ಜೋಡಿ ಒಂದಕ್ಕೊಂದು ಅಂಟಿ ಕೂತಿತ್ತು. ಗಂಡು ಬೂದು, ಹೆಣ್ಣು ಕೆಂಚು. ಗೈಡ್ ಬೆರಳು ಮಾಡಿ ತೋರಿಸಿದರೂ ನಾನು ಎರಡು ನಿಮಿಷ ಪಕ್ಕದ ಒಣಗಿದ ಎಲೆಯನ್ನೇ ನೋಡುತ್ತಿದ್ದೆ! ಸುಮಾರು 23 ಸೆಂಟಿಮೀಟರ್ ಹಕ್ಕಿ, ಬಾಯಿ ಮಾತ್ರ ಹೆಚ್ಚುಕಮ್ಮಿ ತಲೆಯಷ್ಟೇ ಅಗಲ. ಕೊಕ್ಕಿನ ಬುಡದಲ್ಲಿ ಮೀಸೆಯಂಥ ಗಡುಸು ಕೂದಲು. ಪಶ್ಚಿಮ ಘಟ್ಟ ಮತ್ತು ಶ್ರೀಲಂಕಾ ಬಿಟ್ಟರೆ ಇದು ಬೇರೆಲ್ಲೂ ಇಲ್ಲ. ಪಾಚಿಯ ಪುಟ್ಟ ಗೂಡಿನಲ್ಲಿ ಒಂದೇ ಮೊಟ್ಟೆ, ಹಗಲು ಕಾವು ಕೂರುವುದು ಗಂಡು.

ಇನ್ನೊಂದು ರಾತ್ರಿ ಹಕ್ಕಿ ಜೆರ್ಡಾನ್ ನತ್ತಿಂಗ (ನೈಟ್‌ಜಾರ್) ನೋಡಲು ಕತ್ತಲಾಗಬೇಕಾಯಿತು. ಮಣ್ಣುದಾರಿಯ ಮೇಲೆ ಎರಡು ಕೆಂಡದಂತೆ ಕಣ್ಣು ಹೊಳೆದವು. ಥಟ್ಟನೆ ಎದ್ದು, ಹಾರುತ್ತಲೇ ಹುಳ ಹಿಡಿದು, ಮತ್ತೆ ಅಲ್ಲೇ ಕೂತಿತು. ಇದಕ್ಕೆ ಗೂಡೇ ಇಲ್ಲ. ಬರೀ ನೆಲದ ಮೇಲೆ ಮೊಟ್ಟೆ ಇಡುತ್ತದೆ. ಕಾಡುದಾರಿಯಲ್ಲಿ ಗಾಡಿ ನಿಧಾನಕ್ಕೆ ಓಡಿಸಬೇಕು ಅನ್ನೋದು ಇದಕ್ಕೇ ಅಲ್ವಾ?

ಗೈಡ್ ಕೆಲಸ ನನಗೆ ತುಂಬಾ ಹಿಡಿಸಿತು. ಟಾರ್ಚ್ ನಾಲ್ಕೈದು ಸೆಕೆಂಡ್ ಹಾಕಿ ಆರಿಸಿಬಿಟ್ಟರು. ಹಕ್ಕಿಯನ್ನು ಸೆಳೆಯಲು ಮೊಬೈಲ್‌ನಲ್ಲಿ ಅದರ ಕೂಗು ಹಾಕಲೇ ಇಲ್ಲ. ಹಿಂದೆ ಇನ್ನೊಂದು ಕಡೆ ಕೂಗು ಹಾಕಿ ಹಾಕಿ ಪಾಪ ಕಪ್ಪೆಬಾಯಿಯನ್ನು ಎಬ್ಬಿಸಿ ಓಡಿಸಿದ್ದರು, ಅದು ಇನ್ನೂ ಮನಸ್ಸಿನಲ್ಲಿದೆ.

ಒಂದೇ ದೂರು: ಗುಂಪಿನಲ್ಲಿ ಹನ್ನೊಂದು ಜನ ಇದ್ದದ್ದು ಜಾಸ್ತಿಯಾಯಿತು. ಬುಕ್ ಮಾಡುವಾಗಲೇ ಚಿಕ್ಕ ಗುಂಪು ಕೇಳಿ. ಮೊದಲ ಆಯ್ಕೆ ಕಪ್ಪೆಬಾಯಿಗೇ, ಕಣ್ತುಂಬಾ ನೋಡಲು ಸಿಗುವುದು ಅದೇ.